ನಾಟಿಕಲ್ ಮೈಲಿನಿಂದ ಪಾರ್ಸೆಕ್‌ವರೆಗೆ: ಬೋಟಿನಲ್ಲಿ ತಲೆಗೆ ಹೋದ ಲೆಕ್ಕ

ಅಳತೆಯ ಪಾಠದಲ್ಲಿ ಕಾಡುವುದು ಅಂಕಿಗಳೇ ಅಲ್ವಾ? 1852, 206265, ಹದಿನಾಲ್ಕು ಕೋಟಿ ಚಿಲ್ಲರೆ. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಹೊತ್ತಿಗೆ ಎಲ್ಲ ಕಲಸಿಹೋಗುತ್ತದೆ. ನನಗೆ ಇದು ಬಿಡಿಸಿಕೊಂಡಿದ್ದು ಕಾರವಾರದ ಬೈತಖೋಲದಿಂದ ಮಾವನ ಮೀನಿನ ಬೋಟಿನಲ್ಲಿ ಹೋದ ದಿನ.

ದಡದಿಂದ ಸಾಕಷ್ಟು ಹೊರಗೆ ಹೋದ ಮೇಲೆ ಮಾವ ಬೋಟನ್ನು ನೇರ ದಕ್ಷಿಣಕ್ಕೆ ತಿರುಗಿಸಿದರು. ಜಿಪಿಎಸ್ ಪರದೆಯಲ್ಲಿ ಅಕ್ಷಾಂಶ 14 ಡಿಗ್ರಿ 45.000 ಮಿನಿಟು. ವೇಗ ಎಂಟು ನಾಟ್, ಅಂದರೆ ಗಂಟೆಗೆ ಎಂಟು ನಾಟಿಕಲ್ ಮೈಲು. ಕಣ್ಣು ಕೀಳದೆ ನೋಡ್ತಾ ಕೂತೆ. ಏಳೂವರೆ ನಿಮಿಷಕ್ಕೆ ಅದು 44.000 ಆಯಿತು, ಪಕ್ಕದಲ್ಲಿ ದೂರ 1.0 ನಾಟಿಕಲ್ ಮೈಲು (ಸಮುದ್ರದ ಮೈಲು) ತೋರಿಸಿತು. "ಒಂದು ಮಿನಿಟಿಗೆ ಒಂದು ಮೈಲು, ಅಷ್ಟೇ ನೋಡು" ಅಂದರು ಮಾವ.

ಇಲ್ಲಿ ಮಿನಿಟು ಅಂದರೆ ಕೋನದ ಮಿನಿಟು, ಡಿಗ್ರಿಯ 60ನೇ ಒಂದು ಪಾಲು. ಭೂಮಿಯ ಒಂದು ಸುತ್ತು 360 ಡಿಗ್ರಿ, ಅಂದರೆ 21,600 ಮಿನಿಟು. ಧ್ರುವಗಳ ಮೇಲಿಂದ ಹಾದು ಬರುವ ಸುತ್ತಳತೆ ಸುಮಾರು 40,000 ಕಿ.ಮೀ. ಭಾಗಿಸಿ ನೋಡಿ, ಒಂದು ಮಿನಿಟಿಗೆ 1.852 ಕಿ.ಮೀ. ಬರುತ್ತದೆ, ಅದೇ ಒಂದು ನಾಟಿಕಲ್ ಮೈಲು. ಅಂಕಿ ಮರೆತರೂ ಹೀಗೆ ವಾಪಸ್ ತರಬಹುದು. ಭೂಮಿ ಪೂರ್ತಿ ದುಂಡಗಿಲ್ಲ, ಹಾಗಾಗಿ ಒಂದು ಮಿನಿಟಿನ ದೂರ ಸಮಭಾಜಕದ ಹತ್ತಿರ ಸುಮಾರು 1843 ಮೀಟರ್ ಇದ್ದರೆ ಧ್ರುವದ ಹತ್ತಿರ 1862 ಆಗುತ್ತದೆ. ನಮ್ಮ ಕಾರವಾರದಲ್ಲಿ 1844. ಈ ಗೊಂದಲ ಬೇಡ ಅಂತಲೇ 1929ರಲ್ಲಿ ಮೊನಾಕೊದಲ್ಲಿ ಸೇರಿದ ಸಮ್ಮೇಳನ ಸರಿಯಾಗಿ 1852 ಮೀಟರ್ ಅಂತ ನಿಗದಿ ಮಾಡಿತು. ಒಂದು ಎಚ್ಚರಿಕೆ: ಈ ಲೆಕ್ಕ ಅಕ್ಷಾಂಶಕ್ಕೆ ಮಾತ್ರ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋಗ್ತಾ ಹತ್ತಿರ ಆಗುತ್ತವೆ, ನಮ್ಮಲ್ಲಿ ಅದರ ಒಂದು ಮಿನಿಟು ಸುಮಾರು 1.79 ಕಿ.ಮೀ. ಅಷ್ಟೇ.

ಈಗ ಆಕಾಶಕ್ಕೆ ಬನ್ನಿ. ಪಾರ್ಸೆಕ್ ಕೂಡ ಕೋನದಿಂದಲೇ ಹುಟ್ಟಿದ್ದು! ಭೂಮಿ ಮತ್ತು ಸೂರ್ಯನ ನಡುವಿನ ಸರಾಸರಿ ದೂರಕ್ಕೆ ಒಂದು ಖಗೋಳಮಾನ ಅನ್ನುತ್ತಾರೆ. ಆ ಉದ್ದ ಎಷ್ಟು ದೂರದಿಂದ ನೋಡಿದರೆ ಕೋನದ ಒಂದೇ ಸೆಕೆಂಡಿನಷ್ಟು (ಮಿನಿಟಿನ 60ನೇ ಒಂದು ಪಾಲು) ಕಾಣುತ್ತದೋ ಅದು ಒಂದು ಪಾರ್ಸೆಕ್. ಒಂದು ರೇಡಿಯನ್‌ನಲ್ಲಿ (ತ್ರಿಜ್ಯದಷ್ಟೇ ಉದ್ದದ ಕಂಸ ವೃತ್ತದ ಕೇಂದ್ರದಲ್ಲಿ ಮಾಡುವ ಕೋನ) ಸುಮಾರು 2,06,265 ಸೆಕೆಂಡು ಇರುವುದರಿಂದ ಪಾರ್ಸೆಕ್ ಅಂದರೆ ಅಷ್ಟೇ ಖಗೋಳಮಾನ. ಅದನ್ನೇ 60ರಿಂದ ಭಾಗಿಸಿದರೆ ಮಿನಿಟಿನ ಲೆಕ್ಕ, 3438. ಭೂಮಿಯ ತ್ರಿಜ್ಯವೂ ಸುಮಾರು 3438 ನಾಟಿಕಲ್ ಮೈಲು! ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಪರಿವರ್ತನೆಗೆ ಬಂದರೆ, ಯಾವಾಗಲೂ ಮೀಟರ್ ಅಥವಾ ಕಿ.ಮೀ. ಮೂಲಕವೇ ಹೋಗಿ. ಖಗೋಳಮಾನ 2012ರಿಂದ ಸರಿಯಾಗಿ 1,49,59,78,70,700 ಮೀಟರ್, ಅಂದರೆ ಸುಮಾರು 14.96 ಕೋಟಿ ಕಿ.ಮೀ. ಇದನ್ನು 1.852ರಿಂದ ಭಾಗಿಸಿದರೆ 8,07,76,388 ನಾಟಿಕಲ್ ಮೈಲು. ಹತ್ತು ನಾಟ್‌ನಲ್ಲಿ ಎಲ್ಲೂ ನಿಲ್ಲದೆ ಹೋದರೂ ಬೋಟಿಗೆ ಸುಮಾರು 921 ವರ್ಷ ಬೇಕು. ಬೆಳಕಿಗೆ 8 ನಿಮಿಷ 19 ಸೆಕೆಂಡು ಸಾಕು. ಜ್ಯೋತಿರ್ವರ್ಷ, ಅಂದರೆ ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿ.ಮೀ., ಭಾಗಿಸಿದರೆ 5.11 ಲಕ್ಷ ಕೋಟಿ ನಾಟಿಕಲ್ ಮೈಲು. ಪಾರ್ಸೆಕ್ ಬೇಕಿದ್ದರೆ ಇದನ್ನು 3.26ರಿಂದ ಗುಣಿಸಿ.

ನಾನು ಒಂದು ಪರೀಕ್ಷೆಯಲ್ಲಿ 1.852 ಬದಲು ರಸ್ತೆಯ ಮೈಲು ಅಂದುಕೊಂಡು 1.609 ಹಾಕಿದ್ದೆ. ಉತ್ತರ ನೂರಕ್ಕೆ 15ರಷ್ಟು ಜಾಸ್ತಿ ಬಂತು, ಎಲ್ಲ ಹಂತ ಸರಿ ಇದ್ದರೂ ಅಂಕ ಹೋಯಿತು. ಹಾಗಾಗಿ ಪ್ರಶ್ನೆಯಲ್ಲಿ ಬರೀ ಮೈಲು ಅಂತ ಇದ್ದರೆ ಯಾವ ಮೈಲು ಅಂತ ಮೊದಲು ಗುರುತು ಹಾಕಿಕೊಳ್ಳಿ. ಇನ್ನೊಂದು, ನಾಟ್ ಅಂದರೇ ಗಂಟೆಗೆ ಒಂದು ನಾಟಿಕಲ್ ಮೈಲು. "ಗಂಟೆಗೆ ಹತ್ತು ನಾಟ್" ಅಂತ ಬರೆದರೆ ತಪ್ಪು, "ಹತ್ತು ನಾಟ್" ಅಂದರೆ ಸಾಕು.