ಚಳಿಗಾಲಕ್ಕೆ ಪೂಲ್ ಖಾಲಿ ಮಾಡಬಹುದಾ?

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರ. ಅಂಗಳದ ಪಕ್ಕ ಸಣ್ಣ ಸ್ವಿಮ್ಮಿಂಗ್ ಪೂಲ್ ಇದೆ. ಚಳಿ ಶುರುವಾದರೆ ಮಕ್ಕಳು ನೀರಿಗೆ ಇಳಿಯುವುದಿಲ್ಲ. ಫೆಬ್ರವರಿವರೆಗೆ ಖಾಲಿ ಮಾಡಿ ಇಡಬಹುದಾ?

ಖಾಲಿ ಮಾಡಬೇಡಿ. ಈಗಂತೂ ಬೇಡವೇ ಬೇಡ.

ಒಮ್ಮೆ ನಿಮ್ಮ ಬಾವಿ ಇಣುಕಿ ನೋಡಿ. ಮಳೆ ನಿಂತು ವಾರಗಳಾದರೂ ನೀರು ಇನ್ನೂ ಮೇಲೆಯೇ ಇದೆ, ಅಲ್ವಾ? ಅದೇ ನೀರು ಪೂಲಿನ ಅಡಿಯ ಮಣ್ಣಿನಲ್ಲೂ ಇರುತ್ತದೆ. ಪೂಲ್ ತುಂಬಿದ್ದಾಗ ಒಳಗಿನ ಭಾರ ಅದಕ್ಕೆ ಎದುರು ನಿಲ್ಲುತ್ತದೆ. 1 ಮೀಟರ್ ಆಳದ ನೀರೆಂದರೆ ಪ್ರತಿ ಚದರ ಮೀಟರಿಗೆ 1 ಟನ್ ಭಾರ. ಅಷ್ಟನ್ನೂ ಪಂಪ್ ಹಚ್ಚಿ ಹೊರಹಾಕಿದರೆ ಕೆಳಗಿನ ನೀರು ತಳವನ್ನು ಮೇಲಕ್ಕೆ ನೂಕುತ್ತದೆ. ಟೈಲ್ಸ್ ಕಿತ್ತು ಬರಬಹುದು, ಕಾಂಕ್ರೀಟ್ ಬಿರುಕು ಬಿಡಬಹುದು. ಫೈಬರ್ ಪೂಲ್ ಆದರೆ ಇಡೀ ತೊಟ್ಟಿಯೇ ದೋಣಿಯ ಹಾಗೆ ಮೇಲೇಳಬಹುದು. ಕಾರವಾರ, ಅಂಕೋಲಾ ಕಡೆ ಸಮುದ್ರದ ಬದಿಗೇ ಮನೆ ಇರುವವರು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಖಾಲಿ ಮಾಡಿ ತೊಳೆಯಲೇಬೇಕೆಂದರೆ ಬಾವಿ ನೀರು ಕೆಳಗಿಳಿಯುವ ಏಪ್ರಿಲ್‌ವರೆಗೆ ಕಾಯಿರಿ.

ನೀರು ಇಳಿಸಿ, ಪೈಪ್ ಬರಿದು ಮಾಡುವುದು ಹಿಮ ಬೀಳುವ ದೇಶಗಳ ಪದ್ಧತಿ. ಅಲ್ಲಿ ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗಿ ಪೈಪ್ ಒಡೆಯುತ್ತದೆ. ಶಿರಸಿಯ ಚಳಿಗೆ ಆ ಭಯವಿಲ್ಲ. ಹಿಮ ಬೀಳುವ ದೇಶದವರು ಕೂಡ ಸಾಮಾನ್ಯವಾಗಿ ಪೂಲನ್ನು ಪೂರ್ತಿ ಬರಿದು ಮಾಡುವುದಿಲ್ಲ.

ಹಾಗಂತ ಸುಮ್ನೆ ಬಿಟ್ಟುಬಿಡಬೇಡಿ. ನಿಂತ ನೀರಿನಲ್ಲಿ ಎಂಟು-ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆ ಹೊರಬರುತ್ತದೆ. ಚಳಿಯಲ್ಲಿ ಪಾಚಿ ನಿಧಾನವಾಗಿ ಬೆಳೆಯುತ್ತದೆ, ಕ್ಲೋರಿನ್ ಕೂಡ ಕಡಿಮೆ ಸಾಕಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎಂಟು ಗಂಟೆ ಓಡಿಸುತ್ತಿದ್ದ ಪಂಪನ್ನು ಈಗ ನಾಲ್ಕು ಗಂಟೆ ಓಡಿಸಿ ನೋಡಿ. ನೀರು ಮಬ್ಬಾದರೆ ಮತ್ತೆ ಹೆಚ್ಚಿಸಿ. ವಾರಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ನೋಡಿ: ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇರಲಿ. 45,000 ಲೀಟರ್ ಪೂಲಿನಲ್ಲಿ ಕ್ಲೋರಿನ್ 1 ಪಿಪಿಎಂ ಏರಿಸಲು 65% ಕ್ಲೋರಿನ್ ಇರುವ ಪುಡಿ ಸುಮಾರು 70 ಗ್ರಾಂ ಬೇಕು. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಸಂಜೆ ಹಾಕಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಇನ್ನು ದರಕು, ಅಂದರೆ ಉದುರಿದ ಒಣ ಎಲೆ. ತೋಟ, ಕಾಡಿನ ಮಗ್ಗುಲಿನ ಮನೆಗಳಲ್ಲಿ ಎಲೆ ಉದುರುವುದು ಈಗಲೇ ಜಾಸ್ತಿ. ಕೊಳೆತ ಎಲೆ ಕ್ಲೋರಿನ್ ತಿಂದುಹಾಕುತ್ತದೆ. ಆದ್ದರಿಂದ ಬಲೆ ಹಾಕಿ. ಆದರೆ ತಾಡಪತ್ರೆಯನ್ನು ಸಡಿಲವಾಗಿ ಹರಡಬೇಡಿ. ಅದು ನೆಲದ ಹಾಗೇ ಕಾಣುತ್ತದೆ. ಮಗುವೋ ಕರುವೋ ಕಾಲಿಟ್ಟರೆ ಒಳಗೆ ಸುತ್ತಿಕೊಳ್ಳುತ್ತದೆ. ಬಲೆಯನ್ನು ಬಿಗಿಯಾಗಿ ಎಳೆದು ಸುತ್ತಲೂ ಕಟ್ಟಿ, ಪೂಲಿಗೆ ಬೇಲಿ ಇಲ್ಲದಿದ್ದರೆ ಈ ಚಳಿಗಾಲದಲ್ಲೇ ಹಾಕಿಸಿ.