ಮನೆ ತುಂಬ ನೆಂಟರು ಬಂದ ದಿನ ಬೆಕ್ಕಿನ ಆರೈಕೆ: ಅಧ್ಯಯನ ಟಿಪ್ಪಣಿ

ಪಶುವೈದ್ಯಕೀಯ ಓದುವ ನಮಗೆ ಬೆಕ್ಕಿನ ವರ್ತನೆಯ ಪಾಠ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಆದರೆ ಪರಿಚಯದವರು ನಮ್ಮನ್ನು ಹಿಡಿದು ನಿಲ್ಲಿಸಿ ಕೇಳುವುದು ಅದನ್ನೇ: "ಮುಂದಿನ ವಾರ ಮನೇಲೇ ನಾಮಕರಣ ಇಟ್ಕೊಂಡಿದೀವಿ, ನೂರು ಜನ ಬರ್ತಾರೆ, ಬೆಕ್ಕನ್ನ ಏನ್ ಮಾಡೋದು?" ಜೊತೆಯಲ್ಲಿ ಓದುವವರಿಗೆ ಅನುಕೂಲವಾಗಲಿ ಎಂದು ಇದನ್ನು ಬರೆದಿಟ್ಟಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿದ್ದು ಮೈಸೂರಿನ ನಮ್ಮ ಮನೆಯನ್ನು. ಅಲ್ಲಿ ಎರಡು ಸಮಾರಂಭ ನಡೆದವು. ಮೊದಲು ತಮ್ಮನ ಉಪನಯನ, ಎರಡು ವರ್ಷ ಬಿಟ್ಟು ಅಕ್ಕನ ಮಗಳ ನಾಮಕರಣ. ಎರಡೂ ಸಲ ಇದ್ದದ್ದು ಒಂದೇ ಬೆಕ್ಕು, 4 ಕೆ.ಜಿ. ತೂಗುವ ಚಿನ್ನಿ. ಉಪನಯನದ ದಿನ ಅವಳು ಮನೆ ಬಿಟ್ಟು ಓಡಿಹೋದಳು.

ಸುಮ್ಮನಿದೆ ಎಂದರೆ ನಿರಾಳವಾಗಿದೆ ಎಂದಲ್ಲ

"ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಬೇಡ" ಎಂದು ಬೈಸಿಕೊಂಡೇ ಬೆಳೆದವರು ನಾವು. ಹಾಗಾಗಿ ಹೆದರಿದ ಬೆಕ್ಕು ಎಂದರೆ ಅತ್ತಿಂದಿತ್ತ ಓಡುತ್ತದೆ, ಕೂಗುತ್ತದೆ ಎಂದೇ ಮನಸ್ಸಿನಲ್ಲಿರುತ್ತದೆ. ಉಪನಯನದ ಬೆಳಗ್ಗೆ ಚಿನ್ನಿ ಮಂಚದ ಕೆಳಗೆ ಕದಲದೆ ಕೂತಿದ್ದಳು. ದೊಡ್ಡಮ್ಮ ಬಗ್ಗಿ ನೋಡಿ, "ಎಷ್ಟು ಸಾಧು ನೋಡು, ತನ್ನ ಪಾಡಿಗೆ ತಾನಿದೆ" ಎಂದರು. ನಾನೂ ಹೌದೆಂದೆ. ಆಗ ಕಂಡದ್ದನ್ನು ಈಗ ಪಾಠದ ಕಣ್ಣಿನಿಂದ ಬರೆಯುತ್ತೇನೆ: ನಾಲ್ಕೂ ಪಾದ ಹೊಟ್ಟೆಯಡಿ ಸೇರಿವೆ, ಬಾಲ ಮೈಗೆ ಬಿಗಿಯಾಗಿ ಸುತ್ತಿದೆ, ಕಿವಿ ಚಪ್ಪಟೆಯಾಗಿವೆ, ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿದೆ, ತಲೆ ಭುಜಕ್ಕಿಂತ ಕೆಳಗಿದೆ. ಅವಳು ಹೆದರಿಕೆಗೆ ಮರಗಟ್ಟಿ ಕೂತಿದ್ದಳು.

ಬೆಕ್ಕಿನ ಒತ್ತಡ ಅಳೆಯಲು ಕೆಸ್ಲರ್ ಮತ್ತು ಟರ್ನರ್ 1997ರಲ್ಲಿ ಪ್ರಕಟಿಸಿದ 7 ಹಂತಗಳ ಅಳತೆ ಇದೆ. ಹಂತ 1 ಪೂರ್ತಿ ನಿರಾಳ, ಹಂತ 7 ಬರೀ ದಿಗಿಲು. ಹೊಟ್ಟೆ, ಕಾಲು, ಬಾಲ, ತಲೆ, ಕಣ್ಣು, ಕಿವಿ ಹೀಗೆ ಒಂದೊಂದನ್ನೇ ನೋಡಿ ಅಂಕ ಕೊಡಬೇಕು. ಮುಖ ನೋಡಿ "ಚೆನ್ನಾಗಿದೆ" ಅನ್ನುವ ಅಭ್ಯಾಸ ಬಿಡಿಸಲು ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಜೊತೆಗೆ ಉಸಿರನ್ನೂ ಎಣಿಸಿ. ಪಕ್ಕೆಯ ಏರಿಳಿತವನ್ನು 15 ಸೆಕೆಂಡು ಲೆಕ್ಕ ಹಾಕಿ 4ರಿಂದ ಗುಣಿಸಿದರೆ ಸಾಕು. ವಿಶ್ರಾಂತಿಯಲ್ಲಿರುವ ಬೆಕ್ಕು ನಿಮಿಷಕ್ಕೆ ಸುಮಾರು 20ರಿಂದ 30 ಸಲ ಉಸಿರಾಡುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸಮಾರಂಭವನ್ನು ಬೇರೆಯವರಿಗೆ ಒಪ್ಪಿಸಿ ವೈದ್ಯರ ಬಳಿಗೆ ಹೊರಡಿ. ನಾಯಿಗೆ ಏದುಸಿರು ಸಹಜ, ಬೆಕ್ಕಿಗೆ ಅಲ್ಲ.

ಇಷ್ಟೊಂದು ಭಯ ಯಾಕೆ? ಸದ್ದು ಒಂದು ಕಾರಣ. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಲ್ಲುತ್ತದೆ, ಬೆಕ್ಕಿನದು ಸುಮಾರು 85,000 ಹರ್ಟ್ಸ್‌ವರೆಗೂ ಹೋಗುತ್ತದೆ. ಸ್ಟೀಲ್ ತಟ್ಟೆಗಳ ಅಟ್ಟಿ ಉರುಳಿದರೆ, ಮೈಕು ಕೀರಲು ದನಿ ಹೊರಡಿಸಿದರೆ ನಮಗೆ ಕೇಳದ ಒಂದು ಪಾಲೂ ಅದಕ್ಕೆ ಕೇಳುತ್ತದೆ. ಆದರೆ ನಾವು ಓದುವಾಗ ಹಾರಿಸಿಬಿಡುವ ಕಾರಣ ವಾಸನೆ. ಬೆಕ್ಕು ಕೆನ್ನೆಯನ್ನು, ಗದ್ದವನ್ನು ಸೋಫಾದ ಮೂಲೆಗೆ, ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಉಜ್ಜುತ್ತದಲ್ಲ, ಅಲ್ಲಿನ ಗ್ರಂಥಿಗಳ ಸ್ರಾವ ಅಂಟಿಸಿ "ಇದು ನನ್ನ ಜಾಗ" ಎಂದು ಗುರುತು ಹಾಕುತ್ತಿರುತ್ತದೆ. ಸಮಾರಂಭದ ಹಿಂದಿನ ದಿನ ನಾವು ಮಾಡುವುದೇನು? ಸೋಫಾ ಮಹಡಿಗೆ ಸಾಗಿಸುತ್ತೇವೆ, ಪರದೆ ಒಗೆಯುತ್ತೇವೆ, ನೆಲಕ್ಕೆ ಫಿನಾಯಿಲ್ ಹಾಕಿ ಎರಡೆರಡು ಸಲ ಒರೆಸುತ್ತೇವೆ. ನೆಂಟರು ಬರುವ ಮೊದಲೇ ಬೆಕ್ಕಿಗೆ ಮನೆ ಅಪರಿಚಿತವಾಗಿರುತ್ತದೆ. ಅದರ ಪಾಲಿಗೆ ಸಮಾರಂಭ ಶುರುವಾಗುವುದು ಶಾಮಿಯಾನಾದವರು ಕಂಬ ಇಳಿಸಿದ ಹೊತ್ತಿಗೆ. ಬೆಳಗ್ಗೆ ಎದ್ದು ಕೋಣೆಗೆ ಹಾಕಿ ಚಿಲಕ ಜಡಿದರೆ ಕೆಲಸ ಮುಗಿಯಿತು ಅನ್ನುವ ಲೆಕ್ಕ ತಪ್ಪುವುದು ಇಲ್ಲೇ.

ಕೋಣೆ ವಾರದ ಮೊದಲೇ ಅದರದ್ದಾಗಬೇಕು

ಉಪನಯನಕ್ಕೆ ನಾವು ಆರಿಸಿದ್ದು ಅಮ್ಮನ ಕೋಣೆ. ಗಟ್ಟಿ ಚಿಲಕವಿದೆ ಎಂಬುದೊಂದೇ ಕಾರಣ. ಆದರೆ ಬೀರು ಇದ್ದದ್ದೂ ಅಲ್ಲೇ. ರೇಷ್ಮೆ ಸೀರೆಗೆ, ಬೆಳ್ಳಿ ತಟ್ಟೆಗೆ, ಸೇಫ್ಟಿ ಪಿನ್ನಿಗೆ, ಕೈಚೀಲ ಇಡುವುದಕ್ಕೆ ಯಾರಾದರೊಬ್ಬರು ಬಾಗಿಲು ತೆರೆಯುತ್ತಲೇ ಇದ್ದರು. ಕೊನೆಗೆ ತಾಂಬೂಲದ ಚೀಲ ತರಲು ಹೋದವರ ಎರಡೂ ಕೈ ತುಂಬಿತ್ತು, ಬಾಗಿಲು ಅರ್ಧ ತೆರೆದೇ ಉಳಿಯಿತು. ಚಿನ್ನಿ ಪಂಕ್ತಿಯಲ್ಲಿ ಕೂತವರ ಬೆನ್ನ ಹಿಂದಿನಿಂದ ಹೋದದ್ದನ್ನು ಒಂದು ಮಗು ಮಾತ್ರ ನೋಡಿತ್ತು.

ಕಳೆದುಹೋದ ಬೆಕ್ಕು ಹುಡುಕುವವರಿಗೆ ಇಲ್ಲೊಂದು ಮಾತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾಣೆಯಾದ 1,210 ಬೆಕ್ಕುಗಳ ವಿವರ ಕಲೆಹಾಕಿತು. ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ನಾವು ಇದನ್ನು ತಿಳಿಯದೆ ಸ್ಕೂಟರ್‌ನಲ್ಲಿ ಬಡಾವಣೆಯೆಲ್ಲ ಸುತ್ತಿದೆವು. ಎರಡನೇ ರಾತ್ರಿ ಎರಡು ಗಂಟೆಗೆ, ಮೂರು ಮನೆಯಾಚೆ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಟಾರ್ಚ್ ಬೆಳಕಿಗೆ ಎರಡು ಕಣ್ಣು ಹೊಳೆದವು. ಹಗಲು ಅದೇ ಕಲ್ಲಿನ ಪಕ್ಕ ನಿಂತು ಅವಳ ಹೆಸರು ಕೂಗಿದ್ದೆ. ಅವಳು ಮಿಯಾಂ ಎಂದಿರಲಿಲ್ಲ. ಹೆದರಿದ ಬೆಕ್ಕು ಸಾಕಿದವರ ದನಿಗೂ ಉತ್ತರ ಕೊಡುವುದಿಲ್ಲ. ಹಾಗಾಗಿ ಹತ್ತಿರದಲ್ಲೇ, ರಾತ್ರಿ, ಸದ್ದಿಲ್ಲದೆ, ಟಾರ್ಚ್ ಹಿಡಿದು ಹುಡುಕಬೇಕು.

ನಾಮಕರಣಕ್ಕೆ ಮಹಡಿಯ ಹಿಂದಿನ ಕೋಣೆ ಗೊತ್ತುಮಾಡಿದೆ. ಅಡುಗೆಯವರ ಒಲೆ, ಓಲಗದವರು, ಕೈ ತೊಳೆಯುವ ಜಾಗ ಎಲ್ಲದಕ್ಕೂ ಅದು ದೂರ. ಒಂದು ವಾರ ಮೊದಲೇ ಅವಳ ಊಟ ಅಲ್ಲಿಗೆ ಬದಲಾಯಿತು. ಮರಳಿನ ಟ್ರೇ ಒಂದು ಮೂಲೆಗೆ, ನೀರು ಮತ್ತು ಊಟ ಎದುರು ಮೂಲೆಗೆ. ಅವಳು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಹಾಗೇ ಹಾಸಿದೆ, ಅದರ ವಾಸನೆಯೇ ಬೇಕಾಗಿದ್ದದ್ದು. ಕ್ಯಾರಿಯರ್ ಬುಟ್ಟಿಯ ಬಾಗಿಲು ಬಿಚ್ಚಿ, ಅಜ್ಜಿಯ ಹಳೆ ಹತ್ತಿ ಸೀರೆ ಮಡಿಸಿ ಒಳಗಿಟ್ಟೆ. ಮೂರನೇ ದಿನ ಅವಳೇ ಹೋಗಿ ಅದರಲ್ಲಿ ಮಲಗಿದ್ದಳು.

ರಟ್ಟಿನ ಪೆಟ್ಟಿಗೆಯನ್ನು ಮರೆಯಬೇಡಿ. 2014ರಲ್ಲಿ ನೆದರ್ಲೆಂಡ್ಸ್‌ನ ಊಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. 10ಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, 9ಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವುಗಳ ಒತ್ತಡದ ಅಂಕ ಮೊದಲ ಕೆಲವು ದಿನಗಳಲ್ಲೇ ಬೇಗ ಇಳಿಯಿತು. ಅವರು ಬಳಸಿದ್ದೂ ಮೇಲೆ ಹೇಳಿದ ಅದೇ 7 ಹಂತಗಳ ಅಳತೆ. ಅಡಗಿ ಕೂರುವುದು ಬೆಕ್ಕು ಭಯವನ್ನು ತಾನೇ ನಿಭಾಯಿಸುವ ದಾರಿ. "ಪಾಪ" ಎಂದು ಎಳೆದು ತಂದು ತೊಡೆಯ ಮೇಲೆ ಕೂರಿಸಿಕೊಂಡರೆ ಅದರ ಕೈಯಲ್ಲಿದ್ದ ಒಂದೇ ಉಪಾಯವನ್ನೂ ಕಿತ್ತುಕೊಂಡಂತೆ.

ಕೋಣೆಯನ್ನು ಒಮ್ಮೆ ಮಂಡಿಯೂರಿ ಬೆಕ್ಕಿನ ಎತ್ತರದಿಂದ ನೋಡಿ. ಕಿಟಕಿಯ ಜಾಲರಿ ಸಡಿಲವಿದೆಯೇ, ಬಟ್ಟೆಯ ನಡುವೆ ನ್ಯಾಫ್ತಲಿನ್ ಗುಳಿಗೆ ಇವೆಯೇ, ಪೂಜೆಯ ಕರ್ಪೂರದ ಪೊಟ್ಟಣ ಇಲ್ಲೇ ಉಳಿದಿದೆಯೇ ಎಂದು. ನ್ಯಾಫ್ತಲಿನ್, ಕರ್ಪೂರ ಎರಡೂ ಬೆಕ್ಕಿಗೆ ವಿಷ. ಸಾಂಬ್ರಾಣಿ ಹೊಗೆ ಆ ಕೋಣೆಗೆ ಬೇಡ.

ಇನ್ನು ಸದ್ದಿನ ಅಭ್ಯಾಸ. ಓಲಗದ ಧ್ವನಿಮುದ್ರಣವನ್ನು ಫೋನಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ, ಅದೇ ಹೊತ್ತಿಗೆ ಅವಳಿಗೆ ಬಲು ಇಷ್ಟವಾದ ಬೇಯಿಸಿದ ಮೀನಿನ ಚೂರು ಕೊಡುತ್ತಿದ್ದೆ. ದಿನಕ್ಕೆ ಸ್ವಲ್ಪವೇ ಸದ್ದು ಏರಿಸುವುದು. ತಿನ್ನುವುದನ್ನು ನಿಲ್ಲಿಸಿ ಕಿವಿ ತಿರುಗಿಸಿದಳೋ, ಹಿಂದಿನ ದಿನದ ಸದ್ದಿಗೆ ಇಳಿಯುವುದು. ನಾಲ್ಕನೇ ದಿನ ನಾನು ಆತುರಪಟ್ಟು ಜಾಸ್ತಿ ಮಾಡಿದೆ, ಅವಳು ಪೆಟ್ಟಿಗೆಗೆ ಹೊಕ್ಕಳು. ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಬಾಗಿಲಿಗೆ "ಒಳಗೆ ಬೆಕ್ಕಿದೆ, ತೆರೆಯಬೇಡಿ" ಎಂದು ಬರೆದು ಅಂಟಿಸಲು ಹಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದನ್ನು ಓದಿದ ಮಕ್ಕಳು ತೆರೆದೇ ನೋಡುತ್ತಾರೆ. ನಾವು "ಕೋಣೆ ಬಳಕೆಯಲ್ಲಿಲ್ಲ" ಎಂದಷ್ಟೇ ಬರೆದು ಬೀಗ ಹಾಕಿದೆವು. ಬೀಗದ ಕೈ ನನ್ನೊಬ್ಬಳ ಸೊಂಟದಲ್ಲಿತ್ತು. ಅಡುಗೆಯವರಿಗೂ ಕುರ್ಚಿಯವರಿಗೂ ಹಿಂದಿನ ದಿನವೇ ಹೇಳಿದ್ದೆ. ಎರಡು ಗಂಟೆಗೊಮ್ಮೆ ಒಬ್ಬಳೇ ಹೋಗಿ, ಮಾತಾಡಿಸದೆ ನೆಲದ ಮೇಲೆ ಐದು ನಿಮಿಷ ಕೂತು, ಅಂಕ ಬರೆದುಕೊಂಡು ಬರುತ್ತಿದ್ದೆ. ಓಲಗ ಜೋರಾಗಿದ್ದಾಗ 4, ಊಟದ ಹೊತ್ತಿಗೆ 3.

ಔಷಧಿಯ ಮಾತು

ತೀರಾ ಹೆದರುವ ಬೆಕ್ಕಿಗೆ ವೈದ್ಯರು ಗ್ಯಾಬಾಪೆಂಟಿನ್ ಬರೆಯುವುದುಂಟು. ಎರಡು ಮೂರು ಗಂಟೆ ಮೊದಲು ಕೊಡಬೇಕು. ಸಮಾರಂಭದ ದಿನವೇ ಮೊದಲ ಸಲ ಕೊಡದೆ, ಕೆಲವು ದಿನ ಮುಂಚೆ ಬಿಡುವಿದ್ದಾಗ ಕೊಟ್ಟು ಪರಿಣಾಮ ನೋಡುವುದು ಲೇಸು. ಪ್ರಮಾಣ ವೈದ್ಯರೇ ಹೇಳಬೇಕು. ಮನೆಯಲ್ಲಿದೆ ಎಂದು ಪ್ಯಾರಾಸಿಟಮಾಲ್ ಕೊಡುವವರನ್ನು ತಡೆಯಿರಿ. ಅದನ್ನು ಕರಗಿಸಿ ಹೊರಹಾಕುವ ಕಿಣ್ವದ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, 500 ಮಿ.ಗ್ರಾಂನ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಹೂವಿನ ದಾರ, ಎಂಜಲೆಲೆ, ಹೂಗುಚ್ಛ

ಮನೆ ಮಾಮೂಲಿಗೆ ಬಂತು ಎಂದು ಬೆಕ್ಕನ್ನು ಬಿಡುವ ಹೊತ್ತೇ ಅಪಾಯದ ಹೊತ್ತು. ಬಾಡಿದ ಮಾಲೆಗಳು ಮೂಲೆಯಲ್ಲಿ ಬಿದ್ದಿರುತ್ತವೆ, ತೊಟ್ಟಿಲಿಗೆ ಕಟ್ಟಿದ ಬಲೂನಿನ ರಿಬ್ಬನ್ನು ನೇತಾಡುತ್ತಿರುತ್ತದೆ. ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿವೆ, ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ತನ್ನ ಚಲನೆಯಿಂದಲೇ ಆ ದಾರದ ಮೇಲೆ ಮುದುಡಿಕೊಳ್ಳುತ್ತದೆ. ಲಾಡಿ ಎಳೆದಾಗ ಲಂಗದ ಸೊಂಟ ನೆರಿಗೆಗಟ್ಟುವುದನ್ನು ನೆನಪಿಸಿಕೊಳ್ಳಿ. ಬಿಗಿಯಾದ ದಾರ ಕರುಳನ್ನು ಕೊಯ್ಯುತ್ತದೆ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಲೇ ಬೇಡಿ, ಹಾಗೇ ವೈದ್ಯರ ಬಳಿಗೆ ಒಯ್ಯಿರಿ.

ಉಡುಗೊರೆಯ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಅದನ್ನು ಮನೆಯಿಂದಲೇ ಆಚೆ ಹಾಕಿ. ಎಲೆ, ದಳ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತವೆ. ನೆಕ್ಕಿತು ಎಂಬ ಅನುಮಾನವಿದ್ದರೂ ಕಾಯದೆ ಹೊರಡಿ. ಎಂಜಲೆಲೆಯ ಪಲ್ಯ, ಸಾಂಬಾರಿನ ಈರುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದೇಹದ ತೂಕದ ಪ್ರತಿ ಕೆ.ಜಿ.ಗೆ 5 ಗ್ರಾಂ ಸಾಕು, ಎಂದರೆ ಚಿನ್ನಿಯಂಥ ಬೆಕ್ಕಿಗೆ 20 ಗ್ರಾಂ, ಒಂದು ಸಣ್ಣ ಈರುಳ್ಳಿಗಿಂತ ಕಡಿಮೆ. ಬೆಳ್ಳುಳ್ಳಿ ಇನ್ನೂ ಪ್ರಬಲ.

ಮರುದಿನ ನೋಡಬೇಕಾದ್ದು ಟ್ರೇಯನ್ನು. ಗಂಡು ಬೆಕ್ಕಾದರೆ ಇನ್ನೂ ಎಚ್ಚರ: ಒತ್ತಡದಿಂದ ಮೂತ್ರಕೋಶ ಉರಿಗೊಂಡು, ಕಿರಿದಾದ ಮೂತ್ರನಾಳ ಕಟ್ಟಿಕೊಳ್ಳಬಹುದು. ಟ್ರೇಗೆ ಹೋಗಿ ತಿಣುಕಿ ಬರಿದೇ ಹಿಂದಿರುಗುತ್ತಿದ್ದರೆ ಅದು ತುರ್ತು, ಬೆಳಗಾಗಲಿ ಎಂದು ಕಾಯುವ ವಿಷಯವಲ್ಲ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ತೋರಿಸಿ. ದಪ್ಪಗಿರುವ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ನಾಮಕರಣದ ರಾತ್ರಿ ಹತ್ತೂವರೆಗೆ ಕೊನೆಯ ನೆಂಟರು ಹೊರಟರು. ಮಾಲೆ, ರಿಬ್ಬನ್ ಎಲ್ಲ ಗುಡಿಸಿ ಚೀಲಕ್ಕೆ ತುಂಬಿ, ಗೇಟು ಹಾಕಿ, ಮಹಡಿಯ ಬೀಗ ತೆಗೆದು ಬಾಗಿಲನ್ನು ಒಂದು ಗೇಣು ಬಿಟ್ಟು ಕೆಳಗೆ ಬಂದೆ. ಕರೆಯಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಚಿನ್ನಿ ಮೆಟ್ಟಿಲು ಇಳಿದಳು, ಪ್ರತಿ ಮೆಟ್ಟಿಲಲ್ಲೂ ನಿಂತು ಮೂಸುತ್ತ. ನಡುಮನೆಯಲ್ಲಿ ಒಂದರ ಮೇಲೊಂದು ಅಟ್ಟಿ ಹಾಕಿದ್ದ ಬಾಡಿಗೆ ಕುರ್ಚಿಗಳ ಬಳಿ ಬಹಳ ಹೊತ್ತು ನಿಂತು, ಒಂದು ಕಾಲಿಗೆ ಕೆನ್ನೆ ಉಜ್ಜಿದಳು. ಆಮೇಲೆ ಬಾಲ ನೆಟ್ಟಗೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.