ಯಾವ ಇಬ್ರಾಹಿಂ?

ನನ್ನ ಫೋನಿನಲ್ಲಿ ಮೂವರು ಇಬ್ರಾಹಿಂ ಇದ್ದಾರೆ. ಒಬ್ಬರು 'ಇಬ್ರಾಹಿಂ ವೆಲ್ಡಿಂಗ್'. ಇನ್ನೊಬ್ಬರು 'ಇಬ್ರಾಹಿಂ ಮಾವಿನಹಣ್ಣು'. ಮೂರನೆಯವರು 'ಇಬ್ರಾಹಿಂ ಮಹಡಿ ಮನೆ'. ಒಮ್ಮೆ ಗೇಟಿನ ಬೀಗ ಮುರಿದಾಗ ಅವಸರದಲ್ಲಿ ಹಣ್ಣಿನವರಿಗೆ ಫೋನ್ ಮಾಡಿ ಐದು ನಿಮಿಷ ಗೋಳು ಹೇಳಿಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡ ಮೇಲೆ ಅವರು, "ಸರ್, ಗೇಟಿನ ಇಬ್ರಾಹಿಂ ಬೇರೆ, ನಾನು ಬಾದಾಮಿ ಹಣ್ಣಿನ ಇಬ್ರಾಹಿಂ" ಎಂದು ನಕ್ಕರು.

ಚರಿತ್ರೆ ಓದುವಾಗಲೂ ಇದೇ ಫಜೀತಿ. ಲೋದಿ ಒಬ್ಬ ಇಬ್ರಾಹಿಂ, ಬಿಜಾಪುರದ ಸುಲ್ತಾನರಲ್ಲಿ ಇಬ್ಬರು, ಗೋಲ್ಕೊಂಡದಲ್ಲಿ ಒಬ್ಬ, ಇಸ್ತಾಂಬುಲ್‌ನಲ್ಲಿ ಲೆಕ್ಕವಿಲ್ಲದಷ್ಟು. ಹೆಸರಿನ ಪಕ್ಕದಲ್ಲಿ ಏನಿದೆ ಎಂದು ನೋಡದಿದ್ದರೆ ಗೇಟಿನ ದೂರು ಹಣ್ಣಿನವರಿಗೆ ಹೋಗುತ್ತದೆ.

ಮೊದಲು ಅರ್ಥ ನೋಡೋಣ. ಕರೀಂ ಅಂದರೆ ಉದಾರಿ, ಹಸನ್ ಅಂದರೆ ಚೆಲುವ. ಇವು ಅರಬಿ ಪದಗಳು, ಅರಬಿಯಲ್ಲೇ ಅರ್ಥ ಸಿಗುತ್ತದೆ. ಇಬ್ರಾಹಿಂ ಹಾಗಲ್ಲ. ಅರಬಿ ವ್ಯಾಕರಣಕಾರರೇ ಇದನ್ನು ಹೊರಗಿನಿಂದ ಬಂದ ಹೆಸರು ಎಂದು ಎಣಿಸುತ್ತಾರೆ. ಹೀಬ್ರೂ ಭಾಷೆಯ ಅವ್ರಾಹಾಮ್ ಇದರ ಜೊತೆಯ ರೂಪ. ಬೈಬಲಿನ ಆದಿಕಾಂಡದ 17ನೆಯ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ಅಬ್ರಾಮ ಎಂಬ ಮುದುಕನಿಗೆ 99 ವರ್ಷ. ದೇವರು ಅವನ ಹೆಸರನ್ನು ಅಬ್ರಹಾಮ ಎಂದು ಬದಲಿಸಿ, ನೀನು ಅನೇಕ ಜನಾಂಗಗಳಿಗೆ ತಂದೆಯಾಗುವೆ ಎನ್ನುತ್ತಾನೆ. 'ಬಹುಜನರ ತಂದೆ' ಎಂಬ ಅರ್ಥ ಬಂದದ್ದು ಅಲ್ಲಿಂದ. ಅಂದರೆ ಅಬ್ರಹಾಂ ಲಿಂಕನ್ ಮತ್ತು ಇಬ್ರಾಹಿಂ ಲೋದಿ ಇಬ್ಬರದೂ ಒಂದೇ ಹೆಸರು. ನಾವು ಎರಡನ್ನೂ ಬೇರೆ ಬೇರೆ ಪಾಠದಲ್ಲಿ ಓದಿದ್ದರಿಂದ ಹೊಳೆಯಲಿಲ್ಲ, ಅಷ್ಟೇ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇಬ್ರಾಹಿಂ ಅಂದರೆ ನಮ್ಮ 'ಬ್ರಹ್ಮ', ಅವನ ಹೆಂಡತಿ ಸಾರಾ ಅಂದರೆ 'ಸರಸ್ವತಿ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ, ಅಲ್ವಾ? ಕೇಳಲು ಮಜವಾಗಿದೆ. ಆದರೆ ಹೀಬ್ರೂ ಮತ್ತು ಸಂಸ್ಕೃತ ಎರಡೂ ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿದವು. ಸದ್ದು ಹೋಲುತ್ತದೆ ಎನ್ನುವುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ನಿಜವಾಗಿ ಸರಸ್ವತಿಯನ್ನು ಹಾಡಿದ ಇಬ್ರಾಹಿಂ ಒಬ್ಬನಿದ್ದಾನೆ, ಅವನು ಮುಂದೆ ಬರುತ್ತಾನೆ.

ಮುಸ್ಲಿಮರಲ್ಲಿ ಈ ಹೆಸರು ಇಷ್ಟು ಜಾಸ್ತಿ ಏಕೆ? ಇಬ್ರಾಹಿಂ ಅವರಿಗೆ ಪ್ರವಾದಿ. ಕುರಾನಿನ 14ನೆಯ ಸೂರಾಕ್ಕೆ, ಅಂದರೆ ಅಧ್ಯಾಯಕ್ಕೆ, ಅವರದೇ ಹೆಸರು. ಮೆಕ್ಕಾದ ಕಾಬಾವನ್ನು ಕಟ್ಟಿದವರು ಇಬ್ರಾಹಿಂ ಮತ್ತು ಅವರ ಮಗ ಇಸ್ಮಾಯಿಲ್ ಎಂಬ ನಂಬಿಕೆ. ಕಾಬಾದ ಪಕ್ಕದಲ್ಲೇ ಗಾಜಿನ ಕವಚದೊಳಗೆ ಒಂದು ಕಲ್ಲಿದೆ. ಅದನ್ನು 'ಮಕಾಮೆ ಇಬ್ರಾಹಿಂ' ಎನ್ನುತ್ತಾರೆ, ಅದರ ಮೇಲಿರುವುದು ಅವರ ಹೆಜ್ಜೆಗುರುತು ಎನ್ನುತ್ತಾರೆ. ಬಕ್ರೀದಿನ ಕುರ್ಬಾನಿಯೂ ಅವರ ಕಥೆಯೇ. ಇವೆಲ್ಲ ವರ್ಷಕ್ಕೊಮ್ಮೆಯೋ ಜೀವನದಲ್ಲೊಮ್ಮೆಯೋ ಎದುರಾಗುವಂಥವು. ದಿನದಿನವೂ ಬಾಯಿಗೆ ಬರುವುದು ಬೇರೆ. ನಮಾಜಿನ ಕೊನೆಗೆ ಕುಳಿತು ಹೇಳುವ ದರೂದ್ ಎಂಬ ಪ್ರಾರ್ಥನೆಯಲ್ಲಿ ಈ ಹೆಸರು ಬರುತ್ತದೆ. ದಿನಕ್ಕೆ ಐದು ಹೊತ್ತು ಒಂದು ಹೆಸರು ಹೇಳುವ ಮನೆಯಲ್ಲಿ ಮಗುವಿಗೆ ಅದನ್ನೇ ಇಟ್ಟರೆ ಏನಾಶ್ಚರ್ಯ? ಜೊತೆಗೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಬೇರೆ. ಹಾಗಾಗಿ ಒಂದು ಮನೆಯಲ್ಲಿ ಹೆಸರು ಒಮ್ಮೆ ಹೊಕ್ಕರೆ ಸುಲಭಕ್ಕೆ ಹೊರಗೆ ಹೋಗುವುದಿಲ್ಲ.

ಅವರಿಗೆ 'ಖಲೀಲುಲ್ಲಾ' ಎಂಬ ಬಿರುದೂ ಇದೆ. ದೇವರ ಗೆಳೆಯ ಎಂದರ್ಥ. ನಮ್ಮಲ್ಲಿರುವ ಖಲೀಲ್, ಖಲೀಲುಲ್ಲಾ ಎಂಬ ಹೆಸರುಗಳು ಅಲ್ಲಿಂದಲೇ ಬಂದವು. ಪ್ಯಾಲೆಸ್ಟೀನಿನ ಹೆಬ್ರಾನ್ ಊರಿಗೆ ಅರಬಿಯಲ್ಲಿ 'ಅಲ್ ಖಲೀಲ್' ಎನ್ನುತ್ತಾರೆ. ಇಬ್ರಾಹಿಂ ಸಮಾಧಿ ಅಲ್ಲಿದೆ ಎಂದು ಯಹೂದಿಗಳೂ ಮುಸ್ಲಿಮರೂ ಕ್ರೈಸ್ತರೂ ನಂಬುತ್ತಾರೆ. ಆ ಕಟ್ಟಡದ ಒಂದು ಭಾಗ ಮಸೀದಿ, ಒಂದು ಭಾಗ ಯಹೂದಿಗಳ ಪ್ರಾರ್ಥನೆಯ ಜಾಗ. ಅಲ್ಲಿ ಹರಿದ ರಕ್ತವೂ ಕಡಿಮೆಯಲ್ಲ. ಟರ್ಕಿಯ ಶಾನ್ಲಿಉರ್ಫಾದಲ್ಲಿ ಇನ್ನೊಂದು ಕಥೆ. ನಿಮ್ರೋದ್ ರಾಜ ಇಬ್ರಾಹಿಂರನ್ನು ಬೆಂಕಿಗೆ ಎಸೆದಾಗ ಬೆಂಕಿ ನೀರಾಯಿತಂತೆ, ಕಟ್ಟಿಗೆ ಮೀನಾಯಿತಂತೆ. ಆ ಕೊಳ ಇವತ್ತೂ ಇದೆ, ಅದರ ತುಂಬ ಮೀನುಗಳಿವೆ. ಯಾರೂ ಹಿಡಿಯುವುದಿಲ್ಲ, ಕಾಳು ಹಾಕುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮನುಷ್ಯರ ಕಡೆಗೆ ಬರೋಣ. ಶಾಲೆಯಲ್ಲಿ 'ಅಬು ಬೆನ್ ಆಧೆಂ' ಎಂಬ ಇಂಗ್ಲಿಷ್ ಪದ್ಯವನ್ನು ಬಾಯಿಪಾಠ ಮಾಡಿದವರು ಇದನ್ನು ಓದುವವರಲ್ಲಿ ಇರಬಹುದು. ರಾತ್ರಿ ಎಚ್ಚರವಾದಾಗ ದೇವದೂತ ಕುಳಿತು ಪಟ್ಟಿ ಬರೆಯುವ ಪದ್ಯ. ಆ ಅಬು ಬೆನ್ ಆಧೆಂ ಬೇರಾರೂ ಅಲ್ಲ, 8ನೆಯ ಶತಮಾನದ ಸೂಫಿ ಇಬ್ರಾಹಿಂ ಇಬ್ನ್ ಅದ್‌ಹಮ್. 'ಇಬ್ನ್' ಎಂದರೆ ಮಗ, ಅದ್‌ಹಮ್ ಎಂಬಾತನ ಮಗ. ಬಲ್ಖ್ ಊರಿನ ಅರಸನಾಗಿದ್ದು ಎಲ್ಲ ಬಿಟ್ಟು ಹೊರಟವನು ಎಂದು ಸೂಫಿಗಳ ಕಥೆ ಹೇಳುತ್ತದೆ. ಓದುವಾಗ ಬುದ್ಧ ನೆನಪಾಗದೆ ಇರುವುದಿಲ್ಲ.

ಪಾಣಿಪತ್ತಿನಲ್ಲಿ ಇಬ್ಬರು ಇಬ್ರಾಹಿಂ ಇದ್ದಾರೆ, ಇವರನ್ನು ಬೆರೆಸಬಾರದು. 1526ರ ಏಪ್ರಿಲ್ 21ರಂದು ಬಾಬರನ ಎದುರು ಸತ್ತವನು ದೆಹಲಿಯ ಸುಲ್ತಾನ ಇಬ್ರಾಹಿಂ ಲೋದಿ. ಲೋದಿ ಎನ್ನುವುದು ಅಫ್ಘಾನ್ ಕುಲದ ಹೆಸರು. 1761ರ ಜನವರಿ 14ರಂದು ಅದೇ ಪಾಣಿಪತ್ತಿನಲ್ಲಿ ಮರಾಠರ ಫಿರಂಗಿ ದಳವನ್ನು ನಡೆಸಿದವನು ಇಬ್ರಾಹಿಂ ಖಾನ್ ಗಾರ್ದಿ. ಫ್ರೆಂಚರ ರೀತಿಯಲ್ಲಿ ತಯಾರಾದ, ದಖ್ಖನ್ನಿನಿಂದ ಹೋದ ಸೇನಾನಿ. ಅವನು ಹೋರಾಡಿದ್ದು ಅಫ್ಘಾನ್ ದೊರೆ ಅಬ್ದಾಲಿಯ ವಿರುದ್ಧ. ಸೋತಾಗ ಸೆರೆಸಿಕ್ಕಿ ಪ್ರಾಣ ಕೊಟ್ಟ. 'ಗಾರ್ದಿ' ಕುಲವಲ್ಲ, ಅವನ ಪಡೆಯ ಹೆಸರು. ಒಂದೇ ಮೈದಾನ, ಒಂದೇ ಹೆಸರು, ನಡುವೆ 235 ವರ್ಷ.

ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನ ಕಥೆ ನಮಗೆ ಇನ್ನೂ ಹತ್ತಿರ. ಅಪ್ಪನ ಕೊಲೆಯಾಗಿ ಅಣ್ಣ ಜಂಶೀದ್ ಪಟ್ಟಕ್ಕೆ ಬಂದಾಗ ಈತ ತಪ್ಪಿಸಿಕೊಂಡು ಓಡಿದ. ಆಶ್ರಯ ಸಿಕ್ಕಿದ್ದು ವಿಜಯನಗರದಲ್ಲಿ, ಅಳಿಯ ರಾಮರಾಯನ ಬಳಿ. ಏಳು ವರ್ಷ ಅಲ್ಲೇ ಇದ್ದ. ತೆಲುಗಿನ ರುಚಿ ಹತ್ತಿತು. 1550ರಲ್ಲಿ ಸುಲ್ತಾನನಾದ ಮೇಲೆ ತೆಲುಗು ಕವಿಗಳನ್ನು ಪೋಷಿಸಿದ. ಅದ್ದಂಕಿ ಗಂಗಾಧರ ಕವಿ ತನ್ನ ಕಾವ್ಯವನ್ನು ಇವನಿಗೇ ಅರ್ಪಿಸಿದ. ಆ ಕವಿಗಳ ಬಾಯಲ್ಲಿ 'ಮಲಿಕ್ ಇಬ್ರಾಹಿಂ' ಹೋಗಿ 'ಮಲ್ಕಿಭರಾಮ' ಆಯಿತು. ನೋಡಿ, ಛಂದಸ್ಸಿಗೆ ಎಷ್ಟು ಚೆನ್ನಾಗಿ ಕೂರುತ್ತದೆ! ಆದರೆ 1565ರಲ್ಲಿ ಅನ್ನ ಕೊಟ್ಟ ರಾಮರಾಯನ ಮೇಲೆಯೇ ಯುದ್ಧಕ್ಕೆ ಹೋದ ಸುಲ್ತಾನರಲ್ಲಿ ಇವನೂ ಒಬ್ಬ. ರಾಜಕೀಯಕ್ಕೆ ಇವನು ಹೊಸದೇನನ್ನೂ ಸೇರಿಸಲಿಲ್ಲ. ಹೈದರಾಬಾದಿನ ಹತ್ತಿರದ ಇಬ್ರಾಹಿಂಪಟ್ಟಣಕ್ಕೆ ಇವನದೇ ಹೆಸರು. ವಿಜಯವಾಡದ ಬಳಿ ಕೃಷ್ಣಾ ದಂಡೆಯಲ್ಲೂ ಒಂದು ಇಬ್ರಾಹಿಂಪಟ್ಟಣ ಇದೆ. ಬಸ್ ಹತ್ತುವಾಗ ಯಾವುದೆಂದು ಕೇಳಿಕೊಳ್ಳಿ.

ಈಗ ಬಿಜಾಪುರ. ನಾನು ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಒಂದನೇ ಇಬ್ರಾಹಿಂ ಆದಿಲ್ ಶಾಹ 1534ರಿಂದ 1558ರವರೆಗೆ ಆಳಿದ. ಸರ್ಕಾರದ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ಬಿಡಿಸಿ ಇಲ್ಲಿನ ಭಾಷೆಗೆ ತಂದವನು ಇವನು. ಅದರಿಂದ ಸ್ಥಳೀಯ ಬ್ರಾಹ್ಮಣ ಲೆಕ್ಕಿಗರ ಕೈ ಮೇಲಾಯಿತು. ಎರಡನೇ ಇಬ್ರಾಹಿಂ ಇವನ ಮೊಮ್ಮಗ. ಅಜ್ಜನ ಹೆಸರು ಎಂದೆನಲ್ಲ, ಅದೇ. 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ರಾಜ್ಯ ನೋಡಿಕೊಂಡವಳು ದೊಡ್ಡಪ್ಪನ ಹೆಂಡತಿ ಚಾಂದ್ ಬೀಬಿ. ಮುಂದೆ 1627ರವರೆಗೆ, ಅಂದರೆ 47 ವರ್ಷ, ಅವನ ಹೆಸರಲ್ಲೇ ರಾಜ್ಯ ನಡೆಯಿತು.

ಇವನನ್ನು ಜನ 'ಜಗದ್ಗುರು' ಎಂದು ಕರೆದರು. ಸುಲ್ತಾನನಿಗೆ ಈ ಬಿರುದು ಬಂದದ್ದು ಸಂಗೀತದಿಂದ. ಅವನು ದಖನಿ ಭಾಷೆಯಲ್ಲಿ ಬರೆದ ಹಾಡುಗಳ ಪುಸ್ತಕ 'ಕಿತಾಬೆ ನೌರಸ್'. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯ ಸ್ತುತಿ ಇದೆ, ಗುಲ್ಬರ್ಗದ ಬಂದೇನವಾಜರ ಸ್ತುತಿಯೂ ಇದೆ. ಅವನ ತಂಬೂರಿಗೆ ಮೋತಿಖಾನ್ ಎಂದು ಹೆಸರು, ಆನೆಗೆ ಆತಿಶ್ ಖಾನ್. ಎರಡರ ಮೇಲೂ ಹಾಡು ಕಟ್ಟಿದ್ದಾನೆ. ಆನೆಯ ಮೇಲೆ ಹಾಡು ಕಟ್ಟುವ ರಾಜ ನನಗೆ ಇಷ್ಟ. ಯುದ್ಧ ಗೆದ್ದದ್ದನ್ನು ಎಲ್ಲರೂ ಬರೆಸಿಕೊಂಡಿದ್ದಾರೆ.

'ನೌರಸ್' ಎಂಬ ಪದ ಅವನಿಗೆ ಹುಚ್ಚು ಹಿಡಿಸಿತ್ತು. ನಮ್ಮ ಕಿವಿಗೆ ಅದು ನವರಸ. ಪಾರ್ಸಿ ಬಲ್ಲವರಿಗೆ ಹೊಸದಾಗಿ ಬಂದದ್ದು. ಎರಡೂ ಅರ್ಥ ಅವನಿಗೆ ಬೇಕಿತ್ತು. 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ, ತೊರವಿಯ ಹತ್ತಿರ, ನೌರಸ್‌ಪುರ ಎಂಬ ಹೊಸ ಊರನ್ನೇ ಕಟ್ಟಿಸಲು ಹೊರಟ. ತೊರವೆ ಅಂದ ಕೂಡಲೆ ಕನ್ನಡದವರಿಗೆ ಕುಮಾರ ವಾಲ್ಮೀಕಿಯ ರಾಮಾಯಣ ನೆನಪಾಗುತ್ತದೆ, ಅದೇ ಊರು. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರನ ಸೈನ್ಯ ನೌರಸ್‌ಪುರವನ್ನು ಹಾಳುಗೆಡವಿತು. ಈಗ ಅಲ್ಲಿ ಸಂಗೀತ ಮಹಲಿನ ಅವಶೇಷ ಉಳಿದಿದೆ. ಗೋಳಗುಮ್ಮಟಕ್ಕೆ ಬಂದ ಬಸ್ಸುಗಳು ಅಲ್ಲಿಯವರೆಗೆ ಹೋಗುವುದು ಅಪರೂಪ.

ಇಬ್ರಾಹಿಂ ರೋಜಾಕ್ಕಾದರೂ ಹೋಗಲೇಬೇಕು. ಒಂದೇ ಜಗಲಿಯ ಮೇಲೆ ಎದುರುಬದುರು ಎರಡು ಕಟ್ಟಡ. ಒಂದು ಗೋರಿ, ಒಂದು ಮಸೀದಿ. ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದದ್ದು, ಸುಲ್ತಾನನೂ ಅಲ್ಲೇ ಮಲಗಿದ್ದಾನೆ. ಕಿಟಕಿಗಳಲ್ಲಿ ಕಲ್ಲನ್ನು ಅಕ್ಷರದ ಆಕಾರಕ್ಕೆ ಕೊರೆದಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರೂ ಕಲ್ಲಿನಲ್ಲಿದೆ. ಗೋಳಗುಮ್ಮಟ ಇವನ ಮಗ ಮಹಮ್ಮದ್ ಆದಿಲ್ ಶಾಹನದು. ಮಗ ದೊಡ್ಡದು ಕಟ್ಟಿಸಿದ, ಅಪ್ಪ ಚೆಂದದ್ದು ಕಟ್ಟಿಸಿದ. ಇದು ನನ್ನ ಅಭಿಪ್ರಾಯ, ಬಿಜಾಪುರದವರು ಜಗಳಕ್ಕೆ ಬರಬಹುದು. ದಖ್ಖನ್ನಿನ ಚರಿತ್ರೆ ಬರೆದ ಫಿರಿಶ್ತಾನ ಪುಸ್ತಕಕ್ಕೂ 'ಗುಲ್ಶನೆ ಇಬ್ರಾಹಿಮಿ' ಎಂಬ ಇನ್ನೊಂದು ಹೆಸರಿದೆ. ಅದು ಇದೇ ಇಬ್ರಾಹಿಮನ ಹೆಸರು. ಅವನೇ ಬರೆಸಿದ್ದು.

ಇಸ್ತಾಂಬುಲ್‌ನ ಇಬ್ರಾಹಿಮರನ್ನು ಬೇಗ ಮುಗಿಸುತ್ತೇನೆ. ಸುಲೇಮಾನ್ ಸುಲ್ತಾನನ ಗೆಳೆಯನೂ ವಜೀರನೂ ಆಗಿದ್ದ ಇಬ್ರಾಹಿಂ ಪಾಶಾ 1523ರಲ್ಲಿ ಆ ಹುದ್ದೆಗೆ ಏರಿ, 1536ರಲ್ಲಿ ಅರಮನೆಯಲ್ಲೇ ಕತ್ತು ಹಿಸುಕಿಸಿಕೊಂಡು ಸತ್ತ. ಜನ ಮೊದಲು 'ಮಕ್ಬೂಲ್' ಎಂದಿದ್ದರು, ಮೆಚ್ಚಿನವ ಎಂದು. ಆಮೇಲೆ ಒಂದಕ್ಷರ ಬದಲಿಸಿ 'ಮಕ್ತೂಲ್' ಎಂದರು, ಕೊಲೆಯಾದವ ಎಂದು. ಹಂಗೇರಿ ಮೂಲದ ಇಬ್ರಾಹಿಂ ಮುತೆಫೆರ್ರಿಕಾ 1720ರ ದಶಕದಲ್ಲಿ ಅಲ್ಲಿ ತುರ್ಕಿ ಪುಸ್ತಕಗಳ ಮುದ್ರಣಾಲಯ ಶುರುಮಾಡಿದ. 1729ರಲ್ಲಿ ಮೊದಲ ಪುಸ್ತಕ ಹೊರಬಂತು. ಈಜಿಪ್ಟಿನ ಮಹಮ್ಮದ್ ಅಲಿಯ ಮಗ, ಸೇನಾಪತಿ ಇಬ್ರಾಹಿಂ ಪಾಶಾ ಬೇರೆ. ಅವನು 19ನೆಯ ಶತಮಾನದವನು.

ಇವತ್ತಿನ ಸುದ್ದಿ ಓದುವಾಗ ಗೊಂದಲ ಬೇರೆ ಥರ. ಮಲೇಷ್ಯಾದಲ್ಲಿ 2022ರ ನವೆಂಬರ್‌ನಲ್ಲಿ ಪ್ರಧಾನಿಯಾದ ಅನ್ವರ್ ಇಬ್ರಾಹಿಂ ಅವರನ್ನು ಸುಮ್ನೆ "ಇಬ್ರಾಹಿಂ ಹೇಳಿದರು" ಎಂದು ಬರೆದರೆ ತಪ್ಪು. ಅವರ ಹೆಸರು ಅನ್ವರ್. ಇಬ್ರಾಹಿಂ ಅವರ ತಂದೆ. ಹಳೆ ಮೈಸೂರಿನ ನಮಗೆ ಇದು ಗೊತ್ತಿರುವ ಸಂಗತಿಯೇ, ನಾವು ಅಪ್ಪನನ್ನು ಇನಿಷಿಯಲ್ ಮಾಡಿ ಮುಂದೆ ಕೂರಿಸುತ್ತೇವೆ, ಅವರು ಪೂರ್ತಿ ಹೆಸರಿಟ್ಟು ಹಿಂದೆ ಕೂರಿಸುತ್ತಾರೆ. ದೇವೇಗೌಡರ ಸಂಪುಟದಲ್ಲಿ ವಿಮಾನಯಾನ ಸಚಿವರಾಗಿದ್ದ ಸಿ.ಎಂ. ಇಬ್ರಾಹಿಂ ಅವರ ಸ್ವಂತ ಹೆಸರೇ ಇಬ್ರಾಹಿಂ. ಸ್ವೀಡನ್ನಿನ ಫುಟ್‌ಬಾಲ್ ಆಟಗಾರ ಜ್ಲಾಟಾನ್ ಇಬ್ರಾಹಿಮೊವಿಚ್ ತಂದೆ ಬೋಸ್ನಿಯಾದವರು. ಆ ಕಡೆಯ ಭಾಷೆಯಲ್ಲಿ ಇಬ್ರಾಹಿಮೊವಿಚ್ ಎಂದರೆ ಇಬ್ರಾಹಿಮನ ಮಗ, ಹಿಂದೆಂದೋ ಇದ್ದ ಒಬ್ಬ ಇಬ್ರಾಹಿಮನಿಂದ ಬಂದ ಮನೆತನದ ಹೆಸರು. ಅಫ್ಘಾನಿಸ್ತಾನದ ಇಬ್ರಾಹಿಂ ಜದ್ರಾನ್ ಹೆಸರಿನಲ್ಲಿ ಜದ್ರಾನ್ ಎನ್ನುವುದು ಬುಡಕಟ್ಟು. 2023ರ ವಿಶ್ವಕಪ್ಪಿನಲ್ಲಿ ವಾಂಖೆಡೆಯಲ್ಲಿ ಆಸ್ಟ್ರೇಲಿಯಾ ಮೇಲೆ ಔಟಾಗದೆ 129 ಹೊಡೆದ ಹುಡುಗ. ಅಫ್ಘಾನಿಸ್ತಾನಕ್ಕೆ ವಿಶ್ವಕಪ್ಪಿನ ಮೊದಲ ಶತಕ. ಅದೇ ರಾತ್ರಿ ಮ್ಯಾಕ್ಸ್‌ವೆಲ್ ಕುಂಟುತ್ತಾ 201 ಹೊಡೆದದ್ದರಿಂದ ಇವನದು ಯಾರಿಗೂ ನೆನಪಿಲ್ಲ, ಪಾಪ.

ಹೆಸರಿನ ರೂಪವೂ ಊರಿಂದೂರಿಗೆ ಬದಲಾಗುತ್ತದೆ. ಇರಾನಿನಲ್ಲಿ ಎಬ್ರಾಹಿಂ, ಮೊರಾಕ್ಕೊದಲ್ಲಿ ಬ್ರಾಹಿಂ, ಸೆನೆಗಲ್ ಕಡೆ ಇಬ್ರಾಹಿಮಾ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಅಬ್ರಹಾಂ ಸವೆದು ಅವಿರಾ ಆಗಿದೆ. ನಮ್ಮ ಹಳ್ಳಿಗಳಲ್ಲಿ ನಡುವಿನ 'ಹಿ' ಉದುರಿ ಇಬ್ರಾಮಸಾಬ ಆಗುತ್ತದೆ.

ಉತ್ತರ ಕರ್ನಾಟಕದಲ್ಲಿ ಪಕ್ಕದ ಪದ ಹಲವು ಸಲ ಕಸುಬನ್ನು ಹೇಳುತ್ತದೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರನ್ನೇ ನೋಡಿ. ಸುತಾರ ಎಂದರೆ ಬಡಗಿ, ಹಿಂದೂಗಳಲ್ಲೂ ಇರುವ ಅಡ್ಡಹೆಸರು. ಊರೂರಿಗೆ ಭಜನೆ ಮೇಳ ಕಟ್ಟಿಕೊಂಡು ಹೋಗಿ, ಬಸವಣ್ಣನ ವಚನ, ಶರೀಫರ ತತ್ವಪದ, ಕುರಾನು, ಗೀತೆ ಎಲ್ಲವನ್ನೂ ಪ್ರಶ್ನೋತ್ತರದ ಹಾಗೆ ಬಿಡಿಸಿ ಹೇಳುತ್ತಿದ್ದರು. ಜನ 'ಕನ್ನಡದ ಕಬೀರ' ಎಂದರು. 2018ರಲ್ಲಿ ಪದ್ಮಶ್ರೀ ಬಂತು, 2022ರ ಫೆಬ್ರವರಿ 5ರಂದು ತೀರಿಕೊಂಡರು. ಯೂಟ್ಯೂಬ್‌ನಲ್ಲಿ ಅವರ ಪ್ರವಚನಗಳಿವೆ. ಹುಡುಕುವಾಗ 'ಸುತಾರ' ಸೇರಿಸಿ. ಬರೀ ಇಬ್ರಾಹಿಂ ಎಂದು ಹಾಕಿದರೆ ಜದ್ರಾನನ ಸಿಕ್ಸರ್‌ಗಳು ಬರುತ್ತವೆ.